ಹುಚ್ಚಯ್ಯನ ಹೇಳಿಕೆ

ಆದಿರಾಜಯ್ಯನಿಗೆ ಹಸಿವಿರಲಿಲ್ಲ. ಆದರೂ ಬಿಸಿಲು ಇನ್ನೂ ಬೆನ್ನು ಸುಡುತ್ತಿದ್ದ ನಾಲ್ಕೂವರೆ ಗಂಟೆಯಲ್ಲಿ, ದಿಣ್ಣೆಯ ಹಿಂದೆ ಮೂರು ಕಲ್ಲಿನ ಒಲೆಯ ಮುಂದೆ ಒಬ್ಬನೇ ಕಾಲು ಚಾಚಿ ಕೂತು, ಅರೆಬೆಂದ ಅನ್ನಕ್ಕೆ ಹೆಸರುಬೇಳೆ ತೊವ್ವೆ ಕಲಸಿ ತುತ್ತು ತುತ್ತಾಗಿ ನುಂಗುತ್ತಿದ್ದ. ಮೂವತ್ತೆಂಟು ವರ್ಷ ಪಂಚೆಯ ಮರೆಯಲ್ಲೇ ಬಾಳಿದ್ದ ಬೆಳ್ಳನೆಯ ಸಣಕಲು ಕಾಲುಗಳು ಖಾಕಿ ಚಡ್ಡಿಯಿಂದ ಹೊರಬಂದು, ಯಾರದೋ ಕಾಲುಗಳಂತೆ ಹುಲ್ಲಿನ ಮೇಲೆ ಬಿದ್ದುಕೊಂಡಿದ್ದವು. ಕಣ್ಣು ಹಾಯುವವರೆಗೂ ಹುಲ್ಲು. ಮಾಗಿ ಕಳೆದು ಒಣಗಿ ನಿಂತ ಸೊಂಟದೆತ್ತರದ ಹುಲ್ಲು, ಗಾಳಿ ಬಂದಾಗ ಒಂದೇ ಕಡೆಗೆ ತಲೆಬಾಗಿ ಗಾಳಿ ನಿಂತಾಗ ಏನೂ ಆಗಿಲ್ಲವೆಂಬಂತೆ ಎದ್ದು ನಿಲ್ಲುತ್ತಿತ್ತು. ದಿಣ್ಣೆಯ ಆಚೆ, ಡೇರೆಗಳ ಕಡೆಯಿಂದ, ಒಟ್ಟಿಗೆ ನಕ್ಕ ಸದ್ದು ಬಂತು. ಅವನು ಅಗಿಯುವುದನ್ನು ನಿಲ್ಲಿಸಿದ. ಆ ನಗುವಿನಲ್ಲಿ ತನ್ನ ಹೆಸರಿದೆಯೇ ಎಂದು ಕಿವಿಗೊಟ್ಟ. ಹೆಸರು ಕೇಳಿಸಲಿಲ್ಲ. ಕೇಳಿಸದೆ ಇದ್ದದ್ದಕ್ಕೆ ಒಂದು ಕ್ಷಣ ನಿರಾಶೆಯೇ ಆದಂತಾಗಿ, ಆ ನಿರಾಶೆಗೆ ತಾನೇ ನಾಚಿ, ಮತ್ತೆ ತುತ್ತು ಕಟ್ಟಿದ.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಶಾಲೆಗಳಿಂದ ಆರಿಸಿದ ಇಪ್ಪತ್ತೆಂಟು ಮೇಷ್ಟರನ್ನು ಸ್ಕೌಟ್ ತರಬೇತಿಗೆಂದು ಹತ್ತು ದಿನ ಈ ಸರ್ಕಾರಿ ಕಾವಲಿನಲ್ಲಿ ಡೇರೆ ಹೊಡೆಸಿ ಇರಿಸಿದ್ದರು. ಚನ್ನರಾಯಪಟ್ಟಣದಿಂದ ಆರು ಮೈಲಿ; ಬಸ್ಸಿಳಿದು ಗಾಡಿಜಾಡಿನಲ್ಲಿ ನಡೆಯಬೇಕು. ಸರ್ಕಾರದ ದನ ಮೇಯುವ ಬಯಲಾದ್ದರಿಂದ ಸುತ್ತ ಊರಿಲ್ಲ, ಉಳುಮೆಯಿಲ್ಲ, ಹುಲ್ಲು ಬಿಟ್ಟರೆ ಅಲ್ಲೊಂದು ಇಲ್ಲೊಂದು ಜಾಲಿಮರ. ಐವತ್ತೆಂಟನೇ ಇಸವಿಯ ಫೆಬ್ರವರಿ ಅದು. ಈ ಶಿಬಿರದ ಸರ್ಟಿಫಿಕೇಟು ಇಲ್ಲದವರಿಗೆ ಬಡ್ತಿ ಕಷ್ಟವೆಂದು ಯಾರೋ ಹೇಳಿದ್ದರಿಂದ, ಆಟದ ಬಯಲಿಗೆ ಯಾವತ್ತೂ ಇಳಿಯದ ಕನ್ನಡ ಪಂಡಿತ ಆದಿರಾಜಯ್ಯನೂ ಹೆಸರು ಕೊಟ್ಟಿದ್ದ. ಹೊರಡುವ ದಿನ ಹೆಂಡತಿ ಚಕ್ರೇಶ್ವರಿ ಅಕ್ಕಿ, ಬೇಳೆ, ಎರಡು ಪುಟ್ಟ ತಪ್ಪಲೆ, ನೀರು ಸೋಸುವ ಬಿಳಿಯ ಬಟ್ಟೆ ಎಲ್ಲವನ್ನೂ ಚೀಲಕ್ಕೆ ತುಂಬಿ, "ಅಲ್ಲಿ ನಾಲ್ಕು ಜನ ನೋಡ್ತಿರ್ತಾರೆ. ಅಲ್ಲಾದ್ರೂ ಸರಿಯಾಗಿರಿ" ಎಂದಿದ್ದಳು. ಅಲ್ಲಾದ್ರೂ ಎಂಬ ಮಾತನ್ನು ಅವಳು ಒತ್ತಿ ಹೇಳಿರಲಿಲ್ಲ. ಒತ್ತಿದ್ದರೆ ಜಗಳ ಕಾಯಬಹುದಿತ್ತು.

ಮೊದಲ ದಿನ ಮುಸ್ಸಂಜೆಯಲ್ಲಿ ಎಲ್ಲರೂ ಸಾಲಾಗಿ ತಟ್ಟೆ ಹಿಡಿದು ಕೂತಾಗ ಮುದ್ದೆ, ಈರುಳ್ಳಿ ಹಾಕಿದ ಹುರುಳಿ ಸಾರು ಬಂದಿತ್ತು. ಆದಿರಾಜಯ್ಯ ತನ್ನ ತಟ್ಟೆಯನ್ನು ಬೋರಲು ಹಾಕಿದ. ಬಡಿಸುವವನು ಎರಡು ಸಲ ಕೇಳಿದ. ಆಗ ಪಕ್ಕದಲ್ಲಿದ್ದ ಕೆಂಪಣ್ಣ, ಅರಕಲಗೂಡಿನ ಡ್ರಿಲ್ ಮೇಷ್ಟರು, ಒಂದೇ ಡೇರೆಯಲ್ಲಿ ಮಲಗುವವನು, ಇಡೀ ಸಾಲಿಗೆ ಕೇಳುವಂತೆ, "ಅವ್ರಿಗೆ ಬ್ಯಾಡಿ ಕಣ್ರಿ. ಹೊತ್ತು ಮುಳುಗಿದ ಮೇಲೆ ಅವ್ರ ಬಾಯಿಗೆ ಬೀಗ" ಅಂದ. ಎಲ್ಲರೂ ನಕ್ಕರು. ಕೆಟ್ಟ ನಗುವಲ್ಲ ಅದು. ನೆಂಟರ ಮನೆಯ ನಗು. ಮರುದಿನ ಬೆಳಿಗ್ಗೆ ಬಾವುಟದ ಮುಂದೆ ಶಿಬಿರದ ಮುಖ್ಯಸ್ಥರಾದ ನಂಜಪ್ಪನವರು, ಹೊಳೆನರಸೀಪುರದ ಹೆಡ್‌ಮಾಸ್ಟರು, ಗಂಟಲು ಸರಿಪಡಿಸಿಕೊಂಡು, "ನಮ್ಮ ಆದಿರಾಜಯ್ಯನವರಿಗೆ ಅವರ ಜೈನ ಧರ್ಮಕ್ಕೆ ಅನುಗುಣವಾಗಿ ಹಗಲಲ್ಲೇ ಬೇರೆ ಅಡುಗೆ ಮಾಡಿಕೊಳ್ಳೋದಕ್ಕೆ ಅನುಮತಿ ಕೊಟ್ಟಿದೆ. ಸ್ಕೌಟಾದವನು ಎಲ್ಲ ಧರ್ಮಾನೂ ಗೌರವಿಸ್ಬೇಕು" ಎಂದು ಭಾಷಣ ಮಾಡಿ, ಅದಕ್ಕೊಂದು ಚಪ್ಪಾಳೆಯನ್ನೂ ಹೊಡೆಸಿದರು. ತಾಳಕ್ಕೆ ಸರಿಯಾಗಿ, ಮೂರು ಮೂರು ಏಟಿನ ಚಪ್ಪಾಳೆ. ಇಪ್ಪತ್ತೇಳು ಜನರ ಚಪ್ಪಾಳೆಯ ನಡುವೆ ಚಡ್ಡಿ ಹಾಕಿಕೊಂಡು ನಿಂತ ಆದಿರಾಜಯ್ಯ ತಾನೂ ಚಪ್ಪಾಳೆ ತಟ್ಟಬೇಕೋ ಬೇಡವೋ ತಿಳಿಯದೆ ಅರ್ಧ ಎತ್ತಿದ ಕೈಯನ್ನು ಜೇಬಿಗೆ ಹಾಕಲು ಹೋಗಿ, ಚಡ್ಡಿಗೆ ಜೇಬು ಎಲ್ಲಿದೆಯೆಂದು ತಡಕಾಡಿದ್ದ.

ಅವರಿಗೆ ಗೊತ್ತಿಲ್ಲದ್ದು ಅವನಿಗೆ ಗೊತ್ತಿತ್ತು. ಚನ್ನರಾಯಪಟ್ಟಣದಲ್ಲಿ ಅವನು ಇಷ್ಟು ಕಟ್ಟುನಿಟ್ಟಿನವನೇನಲ್ಲ. ವಾರಕ್ಕೆರಡು ಸಂಜೆ, ದೀಪ ಹಚ್ಚಿದ ಮೇಲೆ, ಬಸ್‌ಸ್ಟ್ಯಾಂಡಿನ ಮಗ್ಗುಲ ಹೋಟೆಲಿನ ಒಳಕೋಣೆಯಲ್ಲಿ ಈರುಳ್ಳಿ ಹಾಕಿದ ಉಪ್ಪಿಟ್ಟು ತಿಂದು ಕಾಫಿ ಕುಡಿದು, ಏಲಕ್ಕಿ ಅಗಿಯುತ್ತ ಮನೆಗೆ ಹೋಗುತ್ತಿದ್ದ. ಚಕ್ರೇಶ್ವರಿ ಬಾಗಿಲು ತೆಗೆದು ಮುಖವನ್ನು ಸ್ವಲ್ಪ ಆಚೆಗೆ ತಿರುಗಿಸಿಕೊಂಡು ಒಳಗೆ ಹೋಗುವಳು. ಇಲ್ಲಿ ಮಾತ್ರ, ಬೋರಲು ಹಾಕಿದ ಆ ತಟ್ಟೆಯ ದಿನದಿಂದ, ಅವನಿಗೆ ಎಲ್ಲಿಲ್ಲದ ನಿಷ್ಠೆ ಬಂದುಬಿಟ್ಟಿತ್ತು. ನೀರನ್ನು ಒಂದಲ್ಲ ಎರಡು ಸಲ ಸೋಸುತ್ತಿದ್ದ. ಯಾರಾದರೂ ನೋಡುತ್ತಿದ್ದರೆ ಮೂರು ಸಲ. ತಂಗಿ ಬ್ರಾಹ್ಮಿ ಹೀಗೇ ಜಿನನಾಥಪುರದ ಮನೆಯ ಬಾವಿಕಟ್ಟೆಯಲ್ಲಿ ಬಟ್ಟೆ ಹಿಡಿದು ನೀರು ಸೋಸಿ, ಬಟ್ಟೆಯಲ್ಲಿ ಉಳಿದದ್ದನ್ನು ಮತ್ತೆ ಬಾವಿಗೇ ಜೋಪಾನವಾಗಿ ಇಳಿಸುತ್ತಿದ್ದಳು. ಕಣ್ಣಿಗೆ ಕಾಣದ ಹುಳುಗಳನ್ನು ಅವುಗಳ ಮನೆಗೆ ಕಳಿಸುತ್ತಿದ್ದೇನೆ ಅನ್ನುವಳು. ಅವಳಿಗೆ ಹದಿನೇಳು ವರ್ಷವಾದಾಗ ಅರಕಲಗೂಡಿನ ಎರಡನೇ ಸಂಬಂಧದ ವರ ಬಂದ. ಅಪ್ಪ ಜಗಲಿಯ ಮೇಲೆ ಎಲ್ಲರ ಎದುರಿಗೆ, "ಓದಿದೋನು ನೀನು. ನೀನೇನಂತೀಯಪ್ಪ" ಎಂದು ಇವನನ್ನೇ ಕೇಳಿದರು. ಬಾಗಿಲ ಸಂದಿಯಲ್ಲಿ ಅವಳ ಸೀರೆಯ ಅಂಚು ಕಾಣುತ್ತಿತ್ತು. "ನೀವು ಹೇಳ್ದಂಗೆ" ಎಂದಿದ್ದ. ಎರಡೇ ಪದ. ಹದಿನೈದು ವರ್ಷದಿಂದ ಅವಳು ಪ್ರತಿ ಬೇಸಿಗೆಯಲ್ಲೂ ಅಣ್ಣನಿಗೆಂದು ಹಪ್ಪಳ ಕಳಿಸುತ್ತಾಳೆ.

ಈ ಒಲೆಯ ಜಾಗವನ್ನು ತೋರಿಸಿ, ಕಲ್ಲು ಹೊತ್ತು ತಂದು ಇಟ್ಟುಕೊಟ್ಟವನು ಕಾವಲುಗಾರ ಹುಚ್ಚಯ್ಯ. ಐವತ್ತು ದಾಟಿದ ಆಳು. ಮೊಣಕಾಲವರೆಗಿನ ಪಂಚೆ, ಎದೆಗೆ ಅಡ್ಡಪಟ್ಟಿ, ಅದರ ಮೇಲೆ ಸರ್ಕಾರದ ಹಿತ್ತಾಳೆ ಬಿಲ್ಲೆ. ಹೆಂಡತಿಯೊಂದಿಗೆ ಕಾವಲಿನ ಪಡುವಣ ಅಂಚಿನ ಗುಡಿಸಲಲ್ಲಿದ್ದ. ಗುಡಿಸಲ ಪಕ್ಕ ಮುಳ್ಳುಬೇಲಿಯ ದೊಡ್ಡಿ, ಅದರಲ್ಲಿ ಸರ್ಕಾರದ ಕರುಗಳು. ಅವನೊಬ್ಬನೇ ಆದಿರಾಜಯ್ಯನ ಊಟದ ಬಗ್ಗೆ ಏನೂ ಕೇಳಿರಲಿಲ್ಲ. ಒಲೆಯ ಸುತ್ತ ಒಂದು ಮಾರು ಹುಲ್ಲನ್ನು ಕುಡುಗೋಲಲ್ಲಿ ಸವರಿ, "ಸಾ, ಒಂದ್ ಮಾತು. ಈಗ ಮೂಡ್ಲ ಗಾಳಿ. ಎದ್ರೆ ಪಡುವ್ಲಿಗೆ ಹಳ್ಳದ ಗಂಟ ತಡ್ಯೋದು ಏನೂ ಇಲ್ಲ. ಉಂಡ್ಮೇಲೆ ನೀರ್ ಉಯ್ದೇ ಏಳ್ಬೇಕು. ಮಣ್ಣು ಗಿಣ್ಣು ಅಂದ್ರೆ ಆಗಾಕಿಲ್ಲ" ಅಂದಿದ್ದ. ಆದಿರಾಜಯ್ಯ ಮೇಷ್ಟರ ಗತ್ತಿನಲ್ಲಿ ತಲೆಯಾಡಿಸಿದ್ದ. ನಾಲ್ಕು ದಿನ ಹಾಗೇ ಮಾಡಿಯೂ ಇದ್ದ.

ಒಲೆ ಹೂಡಿದ ಐದನೆಯ ದಿನವಾದ ಇವತ್ತು, ಕೊನೆಯ ತುತ್ತು ಗಂಟಲಲ್ಲಿರುವಾಗಲೇ ಸೀಟಿ ಕೇಳಿಸಿತು. ಗಂಟು ಹಾಕುವ ಪರೀಕ್ಷೆ. ದಿಣ್ಣೆಯ ನೆತ್ತಿಯ ಮೇಲೆ ಕೆಂಪಣ್ಣನ ತಲೆ ಕಾಣಿಸಿತು. "ಮುನಿಗಳ ಆಹಾರ ಮುಗೀತಾ? ನಂಜಪ್ಪನೋರು ಕಾಯ್ತಾವ್ರೆ." ಆಹಾರ ಎಂಬ ಪದವನ್ನು ಅವನು ಬೆಳಗೊಳದಲ್ಲಿ ಎಲ್ಲೋ ಕೇಳಿ ಇಟ್ಟುಕೊಂಡಿದ್ದ, ನಿಜವಾದ ಮುನಿಗಳ ಊಟಕ್ಕೆ ಜನ ಅನ್ನುವ ಪದ. ಆದಿರಾಜಯ್ಯನ ಕಿವಿ ಬಿಸಿಯಾಯಿತು. ತಟ್ಟೆ ತೊಳೆದ. ನೀರಿನ ತಪ್ಪಲೆ ಇನ್ನೂ ಅರ್ಧದಷ್ಟು ತುಂಬಿತ್ತು. ಒಲೆಯ ಬಾಯಿಗೆ ಚಪ್ಪಲಿಯಿಂದ ಎರಡು ಸಲ ಮಣ್ಣು ತಳ್ಳಿ, ಚೀಲ ಎತ್ತಿಕೊಂಡು, ಓಡುವುದು ಅವಮಾನವೆನಿಸಿ, ನಡೆಯುವುದೂ ಅವಮಾನವೆನಿಸಿ, ಎರಡರ ನಡುವಿನ ಒಂದು ನಡಿಗೆಯಲ್ಲಿ ದಿಣ್ಣೆ ಹತ್ತಿದ.

ಹಗ್ಗದ ತುದಿಯನ್ನು ಬಲದಿಂದ ಎಡಕ್ಕೆ ತಂದು ಮತ್ತೆ ಎಡದಿಂದ ಬಲಕ್ಕೆ ಎಂದು ಅವನು ತನಗೆ ತಾನೇ ಹೇಳಿಕೊಳ್ಳುತ್ತಿದ್ದಾಗ ಯಾರೋ "ಹೊಗೆ" ಅಂದರು. ಮೊದಲು ಅದು ಹೊಗೆಯಂತಿರಲಿಲ್ಲ. ದಿಣ್ಣೆಯ ಹಿಂದೆ ಆಕಾಶದ ಬಣ್ಣ ಸ್ವಲ್ಪ ಕಲಕಿತ್ತು, ಅಷ್ಟೆ. ಆಮೇಲೆ ಸದ್ದು. ಬೆಂಕಿಗೆ ಅಂಥ ಸದ್ದಿದೆಯೆಂದು ಅವನಿಗೆ ಗೊತ್ತಿರಲಿಲ್ಲ. ಸಾವಿರ ಜನ ಒಣಗಿದ ಎಲೆಯ ಮೇಲೆ ಓಡಿದಂತೆ. ಎಲ್ಲರೂ ದಿಣ್ಣೆ ಹತ್ತಿ ನೋಡುವಷ್ಟರಲ್ಲಿ ಕೆಂಪು ಗೆರೆಯೊಂದು ಗಾಳಿಯ ಬೆನ್ನೇರಿ ಪಡುವಣಕ್ಕೆ ಹೊರಟುಹೋಗಿತ್ತು. ಅದರ ಹಿಂದೆ ಕಪ್ಪು ನೆಲ. ಆ ಕಪ್ಪಿನ ತುದಿಯಲ್ಲಿ, ಯಾರ ಕಣ್ಣಿಗೂ ತಪ್ಪದಂತೆ, ಮೂರು ಕಲ್ಲು. ಆದಿರಾಜಯ್ಯ ಆ ಕಲ್ಲುಗಳನ್ನು ನೋಡಿದ. ತನ್ನ ಪಕ್ಕದಲ್ಲಿ ನಿಂತಿದ್ದ ಕೆಂಪಣ್ಣ ಅವುಗಳನ್ನು ನೋಡಿದ್ದನ್ನೂ ನೋಡಿದ.

ನಂಜಪ್ಪನವರು ಸೀಟಿ ಊದಿದರು. ಸಿಕ್ಕಿದ ಹಸಿ ರೆಂಬೆ ಮುರಿದುಕೊಂಡು ಇಪ್ಪತ್ತೆಂಟು ಮೇಷ್ಟರು ಬೆಂಕಿಯ ಮಗ್ಗುಲಿಗೆ ಓಡಿ ಬಡಿಯತೊಡಗಿದರು. ಆದಿರಾಜಯ್ಯ ಎಲ್ಲರಿಗಿಂತ ಮುಂದಿದ್ದ. ರೆಪ್ಪೆ ಸುಟ್ಟಿತು, ಕಾಲಿನ ರೋಮ ಸುಟ್ಟು ವಾಸನೆ ಬಂತು, ಆದರೂ ಹುಚ್ಚು ಹಿಡಿದವನಂತೆ ಬಡಿದ. ತಾನು ಹೀಗೆ ಬಡಿಯುವುದನ್ನು ಉಳಿದವರು ನೋಡುತ್ತಿದ್ದಾರೆಯೇ ಎಂದು ಅವನೊಳಗಿನ ಒಬ್ಬ ಆಗಲೂ ತಿರುಗಿ ನೋಡುತ್ತಿದ್ದ. ಮೊಲವೊಂದು ಬೆನ್ನಿಗೆ ಬೆಂಕಿ ಹತ್ತಿಸಿಕೊಂಡು ಇವರ ಕಾಲ ನಡುವೆಯೇ ಓಡಿ, ಸುಡದೆ ಉಳಿದ ಹುಲ್ಲಿಗೆ ನುಗ್ಗಿ, ಅಲ್ಲೂ ಹೊಗೆಯೆಬ್ಬಿಸಿತು. ಮೇಲೆ ಹದ್ದುಗಳು ಸುತ್ತುತ್ತಿದ್ದವು. ಹೊಗೆಯಿಂದ ಹಾರಿಬಂದ ಮಿಡತೆಗಳನ್ನು ಕಾಜಾಣಗಳು ಹಬ್ಬದೂಟದಂತೆ ಹಿಡಿಹಿಡಿದು ತಿನ್ನುತ್ತಿದ್ದವು.

ಹುಚ್ಚಯ್ಯ ಇವರ ಹತ್ತಿರ ಬರಲೇ ಇಲ್ಲ. ಅವನು ನೇರ ಪಡುವಣಕ್ಕೆ ಓಡಿ, ಗಾಡಿಜಾಡಿನ ಮೇಲೆ ನಿಂತು ಬರುವ ಬೆಂಕಿಗೆ ಎದುರು ಬೆಂಕಿ ಹಚ್ಚಿದ. ಅದು ಹಿಡಿದುಕೊಳ್ಳುವ ಮೊದಲೇ ಕಿಡಿ ಹಾರಿ ದೊಡ್ಡಿಯ ಮುಳ್ಳುಬೇಲಿಗೆ ಹತ್ತಿತ್ತು. ಕರುಗಳು ಒಳಗೆ ಕೂಗುತ್ತಿದ್ದವು. ದೊಡ್ಡಿಯ ಬಾಯಿಗೆ ಅಡ್ಡವಿಟ್ಟು ಈಗ ಉರಿಯುತ್ತಿದ್ದ ಮುಳ್ಳಿನ ಪಡಕನ್ನು ಬರಿಗೈಯಲ್ಲಿ ಎಳೆದು ಹಾಕಿ ದಾರಿ ಮಾಡಿದ. ಒಂದು ಕರುವೂ ಸಾಯಲಿಲ್ಲ. ಹೊತ್ತು ಮುಳುಗುವ ವೇಳೆಗೆ ಎರಡು ಬೆಂಕಿಗಳೂ ಒಂದನ್ನೊಂದು ಮುಟ್ಟಿ ಆರಿಹೋದವು. ಇನ್ನೂರು ಎಕರೆಯ ಮೇಲೆ ಹುಲ್ಲು ಸುಟ್ಟಿತ್ತು.

ಮರುದಿನ ಬೆಳಿಗ್ಗೆ ಆದಿರಾಜಯ್ಯ ಒಬ್ಬನೇ ಆ ಕಪ್ಪು ನೆಲದ ಮೇಲೆ ನಡೆದ. ಪ್ರತಿ ಹೆಜ್ಜೆಗೂ ಬೂದಿ ಎದ್ದು ಕಾಲಿಗೆ ಮೆತ್ತಿಕೊಂಡಿತು. ಒಂದು ಕಡೆ ನೆಲದ ಗುಳಿಯಲ್ಲಿ ಪುರ್ಲೆಹಕ್ಕಿಯ ಐದು ಮೊಟ್ಟೆ, ಬಿಸಿಗೆ ಬಿರುಕುಬಿಟ್ಟು ಒಳಗೇ ಬೆಂದಿದ್ದವು. ನೀರು ಏಕೆ ಹುಯ್ಯಲಿಲ್ಲ? ಮಲಗಿದಾಗಿನಿಂದ ಅದೊಂದೇ ಪ್ರಶ್ನೆ. ಉತ್ತರವೂ ಒಂದಿತ್ತು. ಒಲೆಯ ಕಲ್ಲಿನ ಬುಡದಲ್ಲಿ ಚೆಲ್ಲಿದ ಅನ್ನದ ಅಗುಳಿಗೆ ಇರುವೆ ಸಾಲುಗಟ್ಟಿದ್ದವು. ನೀರು ಹುಯ್ದರೆ ಅವು ಕೊಚ್ಚಿಹೋಗುತ್ತವೆ ಎಂದು ತಪ್ಪಲೆಯನ್ನು ಎತ್ತಿದ ಕೈ ಹಿಂದೆ ಬಂದಿತ್ತು. ನಿಜವಾಗಿ ಹಾಗೆ ಆಗಿತ್ತೆ? ಅಥವಾ ಕೆಂಪಣ್ಣನ ಆ ಮಾತಿಗೆ ಮೈಯುರಿದು, ಮರೆತು, ಎದ್ದು ಹೋಗಿದ್ದನೆ? ಇರುವೆಗಳು ಇದ್ದದ್ದು ನಿಜ. ನಾಲ್ಕು ದಿನವೂ ಇದ್ದವು. ನಾಲ್ಕು ದಿನವೂ ಅವುಗಳ ಮೇಲೆಯೇ ನೀರು ಹುಯ್ದು ಎದ್ದಿದ್ದ. ಐದನೆಯ ದಿನ ಮಾತ್ರ ಕರುಣೆ ಬಂತೆ? ತನ್ನ ಮನಸ್ಸು ಕತ್ತಲಲ್ಲಿ ಹೊರಳಾಡುತ್ತ ಈ ಕರುಣೆಯನ್ನು ಹೊಸದಾಗಿ ಹೆಣೆದು ತಂದುಕೊಟ್ಟಿದೆಯೆಂದು ಅನುಮಾನವಾಯಿತು. ಆದರೆ ಹೆಣೆದದ್ದೂ ನೆನಪೂ ಈಗ ಒಂದೇ ಬಣ್ಣಕ್ಕೆ ತಿರುಗಿದ್ದವು. ಬೇರ್ಪಡಿಸಲು ಆಗುತ್ತಿರಲಿಲ್ಲ.

ಹನ್ನೊಂದು ಗಂಟೆಗೆ ಕಾವಲಿನ ದರೋಗ ಸೈಕಲ್ಲಿನಲ್ಲಿ ಬಂದ. ಹುಚ್ಚಯ್ಯನ ಮೇಲಧಿಕಾರಿ, ಬೆವರು ಒರೆಸುತ್ತ, ಟೊಪ್ಪಿಯನ್ನು ಹ್ಯಾಂಡಲ್ಲಿಗೆ ಸಿಕ್ಕಿಸಿ, ಸುಟ್ಟ ಬಯಲನ್ನು ಒಮ್ಮೆ ನೋಡಿ ಅಲ್ಲೇ ಕಲ್ಲಿನ ಮೇಲೆ ಕೂತ. ಮೇಷ್ಟರೆಲ್ಲ ಸುತ್ತ ನಿಂತರು. ಹುಚ್ಚಯ್ಯ ಎರಡು ಕೈಗೂ ಎಣ್ಣೆ ಬಟ್ಟೆ ಸುತ್ತಿಕೊಂಡು, ಕೈಗಳನ್ನು ಮೈಯಿಂದ ಆಚೆಗೆ ಹಿಡಿದು, ದೂರದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ.

"ಮೇಲಿನೋರು ಕೇಳ್ತಾರೆ ಸ್ವಾಮಿ. ತಾನಾಗೇ ಹತ್ಕೊಂತು ಅಂತ ಬರೀಲಾ?" ಎಂದ ದರೋಗ.

ಹೇಳಬೇಕು, ಈಗ, ಎಂದು ಆದಿರಾಜಯ್ಯ ಉಸಿರು ಎಳೆದುಕೊಂಡ. ಆ ಉಸಿರು ಹೊರಬರುವ ಮೊದಲೇ ಕೆಂಪಣ್ಣ, "ಕಾವಲುಗಾರ ಬೀಡಿ ಗೀಡಿ ಸೇದ್ತಾನೇನೋ ಸಾರ್. ನಮ್ಮ ಶಿಬಿರದ ಬೆಂಕಿ ಎಲ್ಲ ಮೂಡ್ಲ ಕಡೆ ಇರೋದು" ಅಂದ. ಅಂದು, ಆದಿರಾಜಯ್ಯನ ಕಡೆ ತಿರುಗಿ, ಗೊತ್ತಾಗದಷ್ಟು ಸಣ್ಣಗೆ ಕಣ್ಣು ಮಿಟುಕಿಸಿದ. ಆ ಕಣ್ಣಿನಲ್ಲಿ ಗೇಲಿ ಇರಲಿಲ್ಲ. ಇಷ್ಟು ದಿನದಲ್ಲಿ ಮೊದಲ ಸಲ ಅವನು ಸ್ನೇಹಿತನ ಹಾಗೆ ನೋಡಿದ್ದ. ಎಳೆದುಕೊಂಡ ಉಸಿರು ಆದಿರಾಜಯ್ಯನ ಮೂಗಿನಿಂದ ಮೆಲ್ಲಗೆ ಹೊರಗೆ ಹೋಯಿತು. ಅಷ್ಟರಲ್ಲಿ ದರೋಗ ಹುಚ್ಚಯ್ಯನನ್ನು ಕರೆದುಕೊಂಡು ಮರದ ಕೆಳಗೆ ಹೋಗಿ ತಗ್ಗಿದ ದನಿಯಲ್ಲಿ ಮಾತಾಡತೊಡಗಿದ. ಹುಚ್ಚಯ್ಯ ತಲೆ ತಗ್ಗಿಸಿ ಕೇಳುತ್ತಿದ್ದ. ಒಂದು ಸಲವೂ ಇತ್ತ ನೋಡಲಿಲ್ಲ.

ಮರದ ಕೆಳಗಿನ ಮಾತು ಮುಗಿದ ಮೇಲೆ ಆದಿರಾಜಯ್ಯ ನಂಜಪ್ಪನವರ ಡೇರೆಗೆ ಹೋದ. ಅವರು ಕನ್ನಡಕ ಹಾಕಿಕೊಂಡು ಏನೋ ಪಟ್ಟಿ ನೋಡುತ್ತಿದ್ದರು. ಹೇಗೆ ಶುರುಮಾಡಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ವಾಕ್ಯಗಳು ಅಲ್ಲಿ ನಿಂತಾಗ ಚದುರಿಹೋದವು.

"ಸಾರ್, ಬೆಂಕಿ ನನ್ನ ಒಲೇದು."

"ಗೊತ್ತು ಕಣ್ರೀ. ಕೂತ್ಕೊಳ್ಳಿ" ಅಂದರು ನಂಜಪ್ಪನವರು, ಪಟ್ಟಿಯಿಂದ ತಲೆಯೆತ್ತದೆ. "ಎಲ್ರಿಗೂ ಗೊತ್ತು. ದರೋಗನಿಗೂ ಗೊತ್ತು. ಆ ಕಲ್ಲೇನು ಅವನ ಕಣ್ಣಿಗೆ ಬೀಳ್ಲಿಲ್ವಾ?"

ಆದಿರಾಜಯ್ಯನಿಗೆ ಕಾಲಿನ ಕೆಳಗೆ ಮೆಟ್ಟಿಲೊಂದು ಇದೆಯೆಂದುಕೊಂಡು ಇಟ್ಟ ಹೆಜ್ಜೆ ಬರಿಯ ನೆಲಕ್ಕೆ ಬಿದ್ದಂತಾಯಿತು. ರಾತ್ರಿಯೆಲ್ಲ ಎದೆಯ ಮೇಲೆ ಹೊತ್ತು ಮಲಗಿದ್ದು ಗುಟ್ಟೇ ಆಗಿರಲಿಲ್ಲ. ಊರಿಗೆಲ್ಲ ತಿಳಿದಿದ್ದ ಒಂದು ಸಂಗತಿಯನ್ನು ಮಗುವಿನಿಂದ ಮುಚ್ಚಿಡುವಂತೆ ಅವನಿಂದ ಮುಚ್ಚಿಟ್ಟಿದ್ದರು.

"ನೋಡಿ," ನಂಜಪ್ಪನವರು ಕನ್ನಡಕ ತೆಗೆದರು, "ನಿಮ್ಮ ಹೆಸ್ರು ಬಂದ್ರೆ ನಿಮ್ಮ ಒಬ್ರಿಗೇ ಮುಗಿಯಲ್ಲ. ಶಿಬಿರಾನೇ ಮುಚ್ಚಿಸ್ತಾರೆ. ಇಪ್ಪತ್ತೆಂಟು ಜನದ ಸರ್ಟಿಫಿಕೇಟು. ನಾನು ಪರ್ಮಿಷನ್ ಕೊಟ್ಟೋನು, ನನ್ನನ್ನೂ ಕೇಳ್ತಾರೆ. ಇನ್ನು ನಿಮ್ಮ ಕಡೆ ಜನ. ಇರುವೇನೂ ತುಳೀದೋರು ಕಾಡಿಗೇ ಬೆಂಕಿ ಇಟ್ರು ಅಂತ ಬೆಳಗೊಳದಿಂದ ಹಾಸನದ ತನಕ ಆಡ್ಕೊಂಡು ನಗ್ತಾರೆ. ಬೇಕಾ ಅದು? ಹುಚ್ಚಯ್ಯ ಒಪ್ಪವ್ನೆ. ಕೇಸು ಹಾಕಲ್ಲ, ಕೆಲಸ ಬಿಟ್ಟು ಹೋದ್ರೆ ಸಾಕು ಅಂತ ದರೋಗ ಹೇಳಿದಾನೆ. ಯಾವ್ದಾದ್ರೂ ಹಾಸ್ಟೆಲ್‌ನಲ್ಲಿ ಕಾವಲಿಗೆ ಬೇಕಾದ್ರೆ ನಾನೂ ಒಂದು ಮಾತು ಹೇಳಿನೋಡ್ತೀನಿ."

"ಆದ್ರೆ ಸಾರ್, ಅವನು..."

"ನೀವು ಬಂದು ಹೇಳಿದ್ರಲ್ಲ, ಅದು ದೊಡ್ಡದು. ನಿಮ್ಮ ಮನಸ್ಸಿಗೆ ಸಮಾಧಾನ ಆಯ್ತಲ್ಲ. ಅಲ್ಲಿಗೆ ಬಿಡಿ."

ಸಮಾಧಾನ ಆಗಿತ್ತು. ಅದೇ ಅವನಿಗೆ ಹೆದರಿಕೆ ಹುಟ್ಟಿಸಿದ್ದು. ಹೇಳಿಬಿಟ್ಟೆ, ಇನ್ನು ನನ್ನ ಮೇಲೇನಿಲ್ಲ ಎಂದು ಮೈ ಹಗುರಾಗಿ, ಬೆನ್ನಮೇಲೆ ಬೆವರು ತಣ್ಣಗಾಗುತ್ತಿತ್ತು. ಈಗಲೂ ಎದ್ದು ದರೋಗನ ಮುಂದೆ ನಿಂತು ಎಲ್ಲರಿಗೂ ಕೇಳುವಂತೆ ಹೇಳಬಹುದು. ಹತ್ತು ಮಾರು ದೂರ. ಚಕ್ರೇಶ್ವರಿ ಬಾಗಿಲು ತೆಗೆದು ಮುಖ ತಿರುಗಿಸಿಕೊಳ್ಳುವುದು ಕಣ್ಣಿಗೆ ಕಟ್ಟಿತು. "ನೀವು ಹೇಳ್ದಂಗೆ" ಎಂದದ್ದು ತಾನೇ, ಈಗಲೇ, ಎಂಬುದು ಅವನಿಗೆ ಅಂದುಬಿಟ್ಟ ಮೇಲೆ ಗೊತ್ತಾಯಿತು.

"ಹಂಗಾರೆ ಒಂದು ಉಪಕಾರ ಮಾಡಿ" ಎಂದು ನಂಜಪ್ಪನವರು ಬಿಳಿಹಾಳೆಗಳನ್ನು ಮುಂದೆ ಇಟ್ಟರು. "ಹುಚ್ಚಯ್ಯನ ಹೇಳಿಕೆ ಬರ್ಕೊಳ್ಬೇಕು. ದರೋಗಂದು ಕೋಳಿಕಾಲು ಅಕ್ಷರ. ನಮ್ಮಲ್ಲಿ ನಿಮ್ಮ ಹಂಗೆ ಬರೆಯೋರು ಯಾರೂ ಇಲ್ಲ."

ಜಾಲಿಮರದ ನೆರಳಲ್ಲಿ ಒಂದು ಪೆಟ್ಟಿಗೆಯನ್ನು ಮೇಜಿನಂತೆ ಇಟ್ಟುಕೊಂಡು ಆದಿರಾಜಯ್ಯ ಕೂತ. ಎದುರಿಗೆ ಹುಚ್ಚಯ್ಯ. ದರೋಗನೂ ನಂಜಪ್ಪನವರೂ ಅಷ್ಟು ದೂರದಲ್ಲಿ ಕಾಫಿ ಕುಡಿಯುತ್ತಿದ್ದರು. ಹುಚ್ಚಯ್ಯನ ಮೈಯಿಂದ ಹೊಂಗೆ ಎಣ್ಣೆಯ, ಸುಟ್ಟ ಚರ್ಮದ ವಾಸನೆ ಬರುತ್ತಿತ್ತು. ಅವನು ಬೈದರೆ ಚೆನ್ನಾಗಿತ್ತು ಎಂದುಕೊಂಡ ಆದಿರಾಜಯ್ಯ. ಅತ್ತರೂ ಆಗಬಹುದಿತ್ತು. ಹುಚ್ಚಯ್ಯ ಪೆನ್ನಿನ ಮುಳ್ಳನ್ನೇ ನೋಡುತ್ತ ಕೂತಿದ್ದ. ಆದಿರಾಜಯ್ಯ ತಲೆಬರಹ ಬರೆದು, ಹೆಸರು, ವಯಸ್ಸು, ಕೆಲಸ ಬರೆದು, 'ನಾನು ಬೀಡಿಯನ್ನು ಸೇದಿ' ಎಂಬಲ್ಲಿಗೆ ಬಂದು ಅದನ್ನು ಓದಿ ಹೇಳಿದ.

"ಬೀಡಿ ಬ್ಯಾಡಿ ಸಾ" ಅಂದ ಹುಚ್ಚಯ್ಯ. "ನಾನು ಬೀಡಿ ಮುಟ್ದೋನಲ್ಲ. ಹೊಗೆಸೊಪ್ಪು ಆಕ್ಕೊಂತೀನಿ, ಅಷ್ಟೇಯ. ನಮ್ಮಪ್ಪ ಇದೇ ಕಾವಲ್ನಲ್ಲಿದ್ದ. ಹುಲ್ನಾಗೆ ಕೂತ್ಕಂಡು ಬೀಡಿ ಸೇದ್ದ ಅಂತ ನನ್ನ ಮೇಲೆ ಬರೀಬ್ಯಾಡಿ."

"ಮತ್ತೆ ಏನಂತ ಬರೀಲಿ ಹುಚ್ಚಯ್ಯ?"

"ಒಲೆ ಉರ್ಸಿದ್ದೆ ಅಂತ ಬರೀರಿ. ಗಂಜಿ ಕಾಯ್ಸಾಕೆ. ಉಂಡು ಅಂಗೇ ಎದ್ದೋದೆ ಅಂತ. ಆಗ ನಡದದ್ದು ನಡದಂಗೇ ಇರ್ತದೆ. ಎಸ್ರು ಒಂದು ನಂದಾಯ್ತದೆ."

ಆದಿರಾಜಯ್ಯ ಬೀಡಿಯನ್ನು ಹೊಡೆದುಹಾಕಿದ. ದಿಣ್ಣೆಯ ಪಡುವಣ ಮಗ್ಗುಲಲ್ಲಿ ಮೂರು ಕಲ್ಲಿನ ಒಲೆ ಹೂಡಿ ಎಂದು ಬರೆದ. ಸಂಜೆ ಸುಮಾರು ನಾಲ್ಕೂವರೆ ಗಂಟೆಯ ಸಮಯದಲ್ಲಿ ಊಟವನ್ನು ಮುಗಿಸಿ ಎಂದು ಬರೆದ. ಅಕ್ಷರಗಳು ಯಾವತ್ತಿನಂತೆ ದುಂಡಗೆ, ಸಾಲು ತಪ್ಪದೆ ಬರುತ್ತಿದ್ದವು. ಬರೆಯುತ್ತ ಬರೆಯುತ್ತ ವಾಕ್ಯಗಳಿಗೆ ತಾನಾಗಿಯೇ ಒಂದು ಲಯ ಬಂತು. ಒಂದು ಕಡೆ 'ಬೆಂಕಿಯನ್ನು' ಅಳಿಸಿ 'ಕೆಂಡವನ್ನು' ಎಂದು ತಿದ್ದಿದ, ಅದೇ ಸರಿಯಾದ ಪದವಾದ್ದರಿಂದ.

"ನೀರಿತ್ತಾ ಸಾ?" ಎಂದು ಹುಚ್ಚಯ್ಯ ಮೆಲ್ಲಗೆ ಕೇಳಿದ. ಕಾವಲುಗಾರನ ಪ್ರಶ್ನೆ ಅದು. ಹೇಳಿಕೆಗಲ್ಲ, ತನಗೆ ತಿಳಿಯಬೇಕಿತ್ತು.

"ಇತ್ತು."

"ಮತ್ಯಾಕ್ ಉಯ್ನಿಲ್ಲ?"

ಪೆನ್ನು ನಿಂತಿತು. "ಇರುವೆ ಇದ್ವು" ಎಂದ ಆದಿರಾಜಯ್ಯ. ಎರಡು ಪದ ಬಾಯಿಂದ ಹೊರಬಿದ್ದ ಕೂಡಲೇ, ಅವು ಸುಳ್ಳೋ ನಿಜವೋ ಎಂದು ಇನ್ನು ಯಾವತ್ತೂ ತನಗೆ ತಿಳಿಯುವುದಿಲ್ಲವೆಂದು ಅವನಿಗೆ ಅನ್ನಿಸಿತು. "ಒಲೆ ಸುತ್ತ. ಸಾಯ್ತಾವೆ ಅಂತ."

ಹುಚ್ಚಯ್ಯ ಸುಟ್ಟ ಬಯಲಿನ ಕಡೆ ನೋಡಿದ. ಹಗುರವಾದ ಬೂದಿ ಅಲ್ಲಲ್ಲಿ ಸುಳಿಯಾಗಿ ಏಳುತ್ತಿತ್ತು. ಅವನು ನಗಲಿಲ್ಲ. ಒಳ್ಳೆಯ ಹಸು ಯಾವುದೋ ಕೆಟ್ಟ ಸೊಪ್ಪು ತಿಂದು ಬಂದರೆ ನೋಡುವವನಂತೆ, ಬೇಸರದಿಂದ, ಲೆಕ್ಕಹಾಕುವ ಮುಖದಿಂದ ಆದಿರಾಜಯ್ಯನ ಕಡೆ ತಿರುಗಿದ.

"ಅದು ಬ್ಯಾಡಿ ಬುಡಿ ಸಾ. ನಾನ್ ಏಳ್ದೆ ಅಂದ್ರೆ ಅದನ್ನ ಯಾರೂ ನಂಬಾಕಿಲ್ಲ. ಮರ್ತೆ ಅಂತ ಬರೀರಿ."

ಮರೆತೆನು ಎಂದು ಬರೆದ.

ದರೋಗ ಬಂದು ಹಾಳೆಯನ್ನು ಎತ್ತಿ ದೂರಕ್ಕೆ ಹಿಡಿದು ಓದಿದ. "ಏನ್ ಅಕ್ಷರ ಸ್ವಾಮಿ. ಅಚ್ಚು ಹಾಕ್ಸಿದಂಗದೆ" ಎಂದು ಮೆಚ್ಚಿಕೊಂಡು, ಶಾಯಿಯ ಡಬ್ಬಿ ತೆರೆದ. ಹೆಬ್ಬೆಟ್ಟಿಗೆಂದು ಹುಚ್ಚಯ್ಯ ಎಡಗೈಯ ಬಟ್ಟೆಯನ್ನು ಹಲ್ಲಿನಿಂದ ಬಿಚ್ಚಿದ. ಹೆಬ್ಬೆರಳ ಚರ್ಮ ಬಿಳಿಯಾಗಿ ಉಬ್ಬಿ, ಒಂದು ಕಡೆ ಸುಲಿದು ಬಂದಿತ್ತು. ದರೋಗ ಮುಖ ಹಿಂಡಿದ. ಬಲಗೈ ನೋಡಿದರೆ ಅದಕ್ಕಿಂತ ಕೆಟ್ಟದಾಗಿತ್ತು. ಗೆರೆಯೇ ಉಳಿದಿರದ ಬೆರಳಿನ ಗುರುತು ಯಾರಿಗೆ ಬೇಕು? ನಂಜಪ್ಪನವರು ಸ್ವಲ್ಪ ಯೋಚಿಸಿ, "ರುಜುನೇ ಹಾಕ್ಸಿಬಿಡಿ. ಮೇಷ್ಟರು ನೀವು, ಕೈ ಹಿಡಿದು ಬರೆಸಿ. ಮೊದಲಕ್ಷರ ಸಾಕು" ಅಂದರು.

ಆದಿರಾಜಯ್ಯ ಎದ್ದು ಹುಚ್ಚಯ್ಯನ ಹಿಂದೆ ಮಂಡಿಯೂರಿ ಕೂತ. ಒಂದನೇ ತರಗತಿಯ ಮಕ್ಕಳಿಗೆ ಬರೆಸುವಾಗ ಕೂರುವಂತೆ. ಪೆನ್ನನ್ನು ಬಟ್ಟೆ ಬಿಚ್ಚಿದ ಎಡಗೈಯ ಎರಡು ಬೆರಳ ನಡುವೆ ಇಟ್ಟು, ಬೆರಳುಗಳನ್ನು ಮುಟ್ಟಲಾಗದೆ, ಮಣಿಕಟ್ಟನ್ನು ಹಿಡಿದುಕೊಂಡ. ಮಣಿಕಟ್ಟು ಬಿಸಿಯಾಗಿತ್ತು, ಒಳಗೆ ನಾಡಿ ಬಡಿಯುತ್ತಿತ್ತು. ಹ-ದ ತಲೆಯನ್ನು ಎಳೆಸಿದ, ಸುತ್ತಿಸಿದ, ಕೊನೆಗೆ ಉ-ಕಾರದ ಕೊಂಬನ್ನು ಕೊಡಿಸಿದ. ಹು. ಸೊಟ್ಟಗೆ ಬಂತು. ಹುಚ್ಚಯ್ಯ ಅದನ್ನೇ ದಿಟ್ಟಿಸಿ, "ಇದೇ ನನ್ನ ಎಸ್ರಾ?" ಎಂದ. "ಹೂಂ, ಅದರ ಮೊದಲು" ಎಂದ ಆದಿರಾಜಯ್ಯ. ದರೋಗ ಹಾಳೆಯನ್ನು ಊದಿ ಒಣಗಿಸಿ, ಮಡಿಸಿ ಜೇಬಿಗಿಟ್ಟುಕೊಂಡು ಸೈಕಲ್ಲಿನ ಕಡೆ ನಡೆದ. ನಂಜಪ್ಪನವರು ಸೀಟಿಯನ್ನು ಬಾಯಿಗಿಟ್ಟರು; ಡೇರೆಗಳಿಂದ ಮೇಷ್ಟರು ಹೊರಬಂದು ಸಾಲು ನಿಲ್ಲತೊಡಗಿದರು. ಈಗ ಏನಾದರೂ ಹೇಳಬೇಕು ಎಂದು ಆದಿರಾಜಯ್ಯ ಪದ ಹುಡುಕುತ್ತಿದ್ದ. ಕನ್ನಡದಲ್ಲಿ ಎಷ್ಟೊಂದು ಪದಗಳಿವೆ. ಮಕ್ಕಳಿಗೆ ವರ್ಷವಿಡೀ ಕಲಿಸುತ್ತಾನೆ. ಹುಚ್ಚಯ್ಯನ ಕುತ್ತಿಗೆಯ ಹಿಂಭಾಗ ಅವನ ಮುಖಕ್ಕೆ ಗೇಣು ದೂರದಲ್ಲಿತ್ತು. ಅದರ ಸುಕ್ಕುಗಳಲ್ಲಿ ಮಸಿ ಕೂತಿತ್ತು.

"ಹುಚ್ಚಯ್ಯ, ನಾನು..." ಎಂದ.

"ಕೈ ಬುಡಿ ಸಾ" ಅಂದ ಹುಚ್ಚಯ್ಯ, ತಿರುಗಿ ನೋಡದೆ. "ಉರೀತದೆ."